ಆಯಿಲ್ ಬದಲಾಯಿಸಿದ ಮೇಲೆ ಸ್ಪ್ಲೆಂಡರ್‌ನಲ್ಲಿ ಕಟಕಟ ಸದ್ದು: ಹುಡುಕಿದ್ದು, ಬಿಚ್ಚಿದ್ದು, ಸಿಕ್ಕಿದ್ದು

ಗಾಡಿ ಹೀರೋ ಸ್ಪ್ಲೆಂಡರ್ ಪ್ಲಸ್, 2012ರದ್ದು, ಕಾರ್ಬೊರೇಟರ್ ಮಾಡೆಲ್, 97.2 ಸಿಸಿ. ಮೀಟರ್ 61 ಸಾವಿರ ಚಿಲ್ಲರೆ ತೋರಿಸುತ್ತದೆ, ಆದರೆ ನಡುವೆ ಕೇಬಲ್ ತುಂಡಾಗಿ ಮೀಟರ್ ಇಲ್ಲದೆಯೇ ಬಹಳ ಓಡಿದೆ, ಹಾಗಾಗಿ ಅದಕ್ಕಿಂತ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಗಾಡಿ ನಮ್ಮ ಚಿಕ್ಕಪ್ಪನದ್ದು. ತಿಪಟೂರು ಕಡೆ ಹಳ್ಳಿ. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ತೋಟ, ಆಗಾಗ ಹಿಂದೆ ಒಂದು ಚೀಲ ಕೊಬ್ಬರಿ. ಇಂಥ ದುಡಿಮೆ ಅದರದ್ದು.

ಚಿಕ್ಕಪ್ಪನ ಮಗ ಮಂಜ ಮನೆ ಮುಂದೆಯೇ ಆಯಿಲ್ ಬದಲಾಯಿಸಿದ್ದ. ಹಳೇ ಆಯಿಲ್ ಇಳಿಸಿ, ಹೊಸದು ಹಾಕಿ, ಕಿಕ್ ಹೊಡೆದ ತಕ್ಷಣ ಇಂಜಿನ್ನಿನಿಂದ ಕಟಕಟ ಅಂತ ಸದ್ದು ಶುರುವಾಗಿದೆ. ಅದಕ್ಕೆ ಮುಂಚೆ ಇರಲಿಲ್ಲ. ಊರಿನ ಒಬ್ಬ ಮೆಕ್ಯಾನಿಕ್ ಅಂಗಡಿ ಬಾಗಿಲಲ್ಲಿ ನಿಂತೇ ಕೇಳಿ, "ಬೋರ್ ಹೋಗಿದೆ, ಕನೆಕ್ಟಿಂಗ್ ರಾಡ್ ಕೂಡ ಆಡ್ತಿದೆ, ಇಂಜಿನ್ ಇಳಿಸ್ಬೇಕು, ಏಳೆಂಟು ಸಾವಿರ ಆಗುತ್ತೆ" ಅಂದರಂತೆ. ಚಿಕ್ಕಪ್ಪ ನನಗೆ ಫೋನ್ ಮಾಡಿದರು. "ನೀನೊಂದ್ಸಲ ನೋಡಪ್ಪ, ಆಮೇಲೆ ದುಡ್ಡಿನ ವಿಷ್ಯ ಯೋಚ್ನೆ ಮಾಡೋಣ."

ನಾನು ಮೆಕ್ಯಾನಿಕ್ ಅಲ್ಲ. ಸ್ಪ್ಲೆಂಡರು, ಸಿಡಿ 100 ಇಂಥ ಗಾಡಿಗಳನ್ನು ಬಿಚ್ಚಿ ಜೋಡಿಸುವ ಹುಚ್ಚು ಇದೆ, ಅಷ್ಟೇ. ಆದರೂ ಫೋನಿನಲ್ಲೇ ಒಂದು ಮಾತು ಹೇಳಿದೆ. ಬೋರ್ (ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ) ಹೋಗುವುದು, ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಹೋಗುವುದು ಆಯಿಲ್ ಬದಲಾಯಿಸುವ ಅರ್ಧ ಗಂಟೆಯಲ್ಲಿ ಆಗುವ ಕೆಲಸ ಅಲ್ಲ. ನಿನ್ನೆ ಸಂಜೆ ಇಲ್ಲದ ಸದ್ದು ಇವತ್ತು ಬೆಳಿಗ್ಗೆ ಇದೆ ಅಂದರೆ, ನಡುವೆ ಯಾರ ಕೈ ಎಲ್ಲೆಲ್ಲಿ ಆಡಿತು ಅನ್ನುವುದನ್ನೇ ಮೊದಲು ನೋಡಬೇಕು. ಗಾಡಿ ಸ್ಟಾರ್ಟ್ ಮಾಡಬೇಡಿ, ನಾನು ಬರುವವರೆಗೂ ಹಾಗೇ ಇರಲಿ ಅಂದೆ. ಡೈರಿ ಹಾಲು ಯಾರು ತಗೊಂಡು ಹೋಗ್ತಾರೆ ಅಂತ ಚಿಕ್ಕಪ್ಪ ಓಡಿಸಿಕೊಂಡೇ ಇದ್ದರು ಅನ್ನುವುದು ಬೇರೆ ಮಾತು.

1. ಶನಿವಾರ ಸಂಜೆ: ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿದೆ. ಸದ್ದು ಜೋರಾಗಿಯೇ ಇತ್ತು, ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಐಡ್ಲಿಂಗ್‌ನಲ್ಲಿ ಒಂದೇ ಲಯ ಇಲ್ಲ, ಹೆಚ್ಚು ಕಡಿಮೆ ಆಗುತ್ತದೆ. ಎಕ್ಸಿಲೇಟರ್ ಕೊಟ್ಟರೆ ಸ್ವಲ್ಪ ಕೂಡಿಕೊಳ್ಳುತ್ತದೆ, ಬಿಟ್ಟ ಕೂಡಲೇ ಗರ್ ಅಂತ ಜಾಸ್ತಿ ಆಗುತ್ತದೆ. ಇದನ್ನು ಹಾಗೇ ಬರೆದಿಟ್ಟುಕೊಂಡೆ. ಬಿಟ್ಟಾಗ ಜಾಸ್ತಿ ಆಗುತ್ತದೆ ಅನ್ನುವುದು ಆಮೇಲೆ ಕೆಲಸಕ್ಕೆ ಬಂತು, ಆ ಸಂಜೆ ಮಾತ್ರ ನಾನು ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ.

ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಗಳು ಇವು:

ಕ್ಲಚ್ ಲಿವರ್ ಒತ್ತಿ ಹಿಡಿದೆ. ಸದ್ದು ಬದಲಾಗಲಿಲ್ಲ. ಬದಲಾಗಿದ್ದರೆ ಬಲಗಡೆ ಕ್ಲಚ್ ಕಡೆ ನೋಡುತ್ತಿದ್ದೆ.

ಲೆಗ್ ಗಾರ್ಡ್, ಸೈಲೆನ್ಸರ್ ಮೇಲಿನ ತಗಡು, ಇಂಜಿನ್ ಹಿಡಿದಿರುವ ಬೋಲ್ಟುಗಳು, ಚೈನ್ ಕವರ್ ಎಲ್ಲವನ್ನೂ ಒಂದೊಂದಾಗಿ ಕೈಯಲ್ಲಿ ಒತ್ತಿ ಹಿಡಿದು ನೋಡಿದೆ. ಆಯಿಲ್ ಬದಲಾಯಿಸುವಾಗ ಏನನ್ನಾದರೂ ತೆಗೆದು ಸರಿಯಾಗಿ ಬಿಗಿ ಮಾಡದೆ ಬಿಟ್ಟರೆ ಬರುವ ಸದ್ದು ಇಂಜಿನ್ ಒಳಗಿನದು ಅನ್ನುವ ಹಾಗೆಯೇ ಕೇಳಿಸುತ್ತದೆ. ಕಾರುಗಳಲ್ಲಂತೂ ಕೆಳಗಿನ ಪ್ಲಾಸ್ಟಿಕ್ ಕವರ್ ಕ್ಲಿಪ್ ಒಂದು ಬಿಟ್ಟುಹೋಗಿದ್ದಕ್ಕೆ ಇಂಜಿನ್ ಬಿಚ್ಚಿಸಲು ಹೊರಟವರನ್ನು ನೋಡಿದ್ದೇನೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಸೈಲೆನ್ಸರ್ ಬೆಂಡು ಹೆಡ್‌ಗೆ (ಸಿಲಿಂಡರಿನ ತುದಿಯಲ್ಲಿ ವಾಲ್ವ್‌ಗಳಿರುವ ಭಾಗ) ಸೇರುವ ಜಾಗದಲ್ಲಿ ಹೊಗೆ ಜಿನುಗಿದರೂ ಟಿಕ್ ಟಿಕ್ ಅನ್ನುತ್ತದೆ. ಸೋಪಿನ ನೀರು ಸವರಿ ನೋಡಿದೆ. ಗುಳ್ಳೆ ಬರಲಿಲ್ಲ.

ಆಮೇಲೆ ಉದ್ದದ ಸ್ಕ್ರೂಡ್ರೈವರ್. ತುದಿ ಇಂಜಿನ್ ಮೇಲೆ, ಹಿಡಿ ಕಿವಿಯ ಹಿಂದಿನ ಮೂಳೆಗೆ. ಬಲಗಡೆ ಕವರ್ ಮೇಲೆ ಇಟ್ಟರೆ ಗೇರುಗಳ ಮಾಮೂಲಿ ಗುಯ್ ಸದ್ದು. ಮೇಲಿನ ಟ್ಯಾಪೆಟ್ ಕ್ಯಾಪ್ (ವಾಲ್ವ್‌ಗಳ ಸಂದು ಹೊಂದಿಸುವ ಜಾಗದ ಮುಚ್ಚಳ) ಮೇಲೆ ಟಿಕ್ ಟಿಕ್. ಎಡಗಡೆ ಹೆಡ್‌ನಲ್ಲಿ ದುಂಡನೆ ಕವರ್ ಇದೆಯಲ್ಲ, ಅಲ್ಲಿಟ್ಟಾಗ ಕಿವಿ ಗಡಚಿಕ್ಕುವಷ್ಟು. ಸಿಲಿಂಡರಿನ ಎಡಬದಿಯ ಉದ್ದಕ್ಕೂ ಅದೇ ಸದ್ದು. ಸ್ಪ್ಲೆಂಡರ್‌ನಲ್ಲಿ ಟೈಮಿಂಗ್ ಚೈನ್ ಓಡಾಡುವುದು ಎಡಗಡೆಯಲ್ಲೇ. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನಿಂದ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಗೆ ಸುತ್ತು ಮುಟ್ಟಿಸುವ ಚೈನು ಅದು.

2. ಅದೇ ಸಂಜೆ: ಆಯಿಲ್ ಎಷ್ಟಿದೆ?

ಎಡಗಡೆ ಅಂತ ಗೊತ್ತಾದರೂ, ಕಡಿಮೆ ಖರ್ಚಿನದ್ದನ್ನು ಮೊದಲು ತೀರಿಸೋಣ ಅಂತ ಆಯಿಲ್ ಕಡ್ಡಿ ತೆಗೆದೆ. ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದನ್ನು ಸುಮಾರು ಜನ ತಪ್ಪಾಗಿ ಮಾಡುತ್ತಾರೆ. ಈ ಇಂಜಿನ್ನಿನಲ್ಲಿ ಆಯಿಲ್ ನೋಡುವಾಗ ಕಡ್ಡಿಯನ್ನು ಒರೆಸಿ, ತೂತಿನೊಳಗೆ ಸುಮ್ನೆ ಇಳಿಬಿಟ್ಟು ನೋಡಬೇಕು, ತಿರುಗಿಸಿ ಬಿಗಿ ಮಾಡಿ ಅಲ್ಲ. ಬಿಗಿ ಮಾಡಿದರೆ ಕಡ್ಡಿ ಇನ್ನಷ್ಟು ಒಳಗೆ ಹೋಗುತ್ತದೆ, ಇರುವುದಕ್ಕಿಂತ ಜಾಸ್ತಿ ಆಯಿಲ್ ತೋರಿಸುತ್ತದೆ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಂತಿರಬೇಕು. ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ನೋಡಬೇಕು.

ಮಂಜ ಬಿಗಿ ಮಾಡಿ ನೋಡಿದ್ದ. ಅದೂ ಸೈಡ್ ಸ್ಟ್ಯಾಂಡ್ ಮೇಲೆ. ಸರಿಯಾಗಿ ನೋಡಿದಾಗ ಆಯಿಲ್ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಬಾಟಲಿ 900 ಮಿಲಿ, ಅದರಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಬಾಟಲಿ ಮೇಲೆ 10ಡಬ್ಲ್ಯೂ-30, ಜೆಎಎಸ್‌ಒ ಎಂಎ ಅಂತ ಇತ್ತು, ಅಂದರೆ ಬೈಕಿನ ಕ್ಲಚ್ಚಿಗೂ ಹೊಂದುವ ಸರಿಯಾದ ಆಯಿಲೇ. ಈ ಗಾಡಿಗಳಲ್ಲಿ ಇಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್, ಹಾಗಾಗಿ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆ ಇದೆ. ಮನೆಯಲ್ಲಿ ಟ್ರ್ಯಾಕ್ಟರಿಗೆ ತಂದ ಆಯಿಲ್ ಕ್ಯಾನ್ ಬೇರೆ ಇತ್ತು. ಪುಣ್ಯಕ್ಕೆ ಅದನ್ನು ಸುರಿದಿರಲಿಲ್ಲ.

ಉಳಿದ ಆಯಿಲ್ ಸ್ವಲ್ಪ ಸ್ವಲ್ಪವೇ ಹಾಕಿ ಮೇಲಿನ ಗೆರೆಯ ಹತ್ತಿರ ತಂದೆ. ಸ್ಟಾರ್ಟ್ ಮಾಡಿದೆ. ಸದ್ದು ಒಂದು ಚೂರು ಮೆತ್ತಗಾಯಿತು ಅನ್ನಿಸಿತು. ಮಂಜ "ಹೋಯ್ತು ಅಣ್ಣ!" ಅಂದ. ಹೋಗಿರಲಿಲ್ಲ. ಬಿಸಿಯಾದ ಮೇಲೆ ಮತ್ತೆ ಅಷ್ಟೇ ಜೋರು.

ಆಯಿಲ್ ಮೇಲೆ ಹೆಡ್‌ವರೆಗೂ ಹೋಗುತ್ತಿದೆಯಾ ಅಂತಲೂ ನೋಡಿದೆ. ಐಡ್ಲಿಂಗ್‌ನಲ್ಲಿ ಮೇಲಿನ ಟ್ಯಾಪೆಟ್ ಕ್ಯಾಪ್ ತೆಗೆದರೆ ಒಳಗೆ ರಾಕರ್ (ವಾಲ್ವನ್ನು ಒತ್ತುವ ತೋಳು) ಒದ್ದೆಯಾಗಿ, ಸಣ್ಣಗೆ ಆಯಿಲ್ ಸಿಡಿಯುವುದು ಕಾಣುತ್ತದೆ. ಕಂಡಿತು, ಅಂದರೆ ಪಂಪ್ ಕೆಲಸ ಮಾಡುತ್ತಿದೆ. ಸ್ಪ್ಲೆಂಡರ್‌ನಲ್ಲಿ ಆಯಿಲ್ ಲೈಟ್ ಇಲ್ಲ, ಹಾಗಾಗಿ ಹೀಗೇ ನೋಡಿಕೊಳ್ಳಬೇಕು. ಹತ್ತಿರ ಬಗ್ಗಿ ನೋಡಬೇಡಿ, ಕಣ್ಣಿಗೆ ಹಾರುತ್ತದೆ.

ಕಾರುಗಳಲ್ಲಿ ಫಿಲ್ಟರ್ ಬದಲಾಯಿಸಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಕಟಕಟ ಅನ್ನುವುದು ಮಾಮೂಲಿ. ಖಾಲಿ ಫಿಲ್ಟರ್ ತುಂಬುವವರೆಗೂ ಮೇಲೆ ಆಯಿಲ್ ಹೋಗುವುದಿಲ್ಲ, ಅದಕ್ಕೆ. ಆಮೇಲೂ ನಿಲ್ಲದಿದ್ದರೆ ಮಾತ್ರ ಆಫ್ ಮಾಡಿ ನೋಡಬೇಕು. ಈ ಇಂಜಿನ್ನಿನಲ್ಲಿ ಅಂಥ ಬದಲಾಯಿಸುವ ಫಿಲ್ಟರೇ ಇಲ್ಲ. ಒಂದು ಜಾಲರಿ, ಮತ್ತೆ ಬಲಗಡೆ ಕ್ರ್ಯಾಂಕ್ ತುದಿಯಲ್ಲಿ ಸುತ್ತುವ ಬಟ್ಟಲಿನಂಥ ಒಂದು ಕಪ್, ಅದರೊಳಗೆ ಕೊಳೆ ಹೋಗಿ ಕೂರುತ್ತದೆ. ಹಾಗಾಗಿ ಫಿಲ್ಟರ್ ನೆಪ ಇಲ್ಲಿ ಹೇಳುವ ಹಾಗಿಲ್ಲ.

3. ಭಾನುವಾರ ಬೆಳಿಗ್ಗೆ: ಟ್ಯಾಪೆಟ್

ಟ್ಯಾಪೆಟ್ ಕ್ಯಾಪ್ ಮೇಲೆ ಟಿಕ್ ಟಿಕ್ ಕೇಳಿಸಿತ್ತಲ್ಲ, ಅದನ್ನು ನೋಡಿಬಿಡೋಣ ಅಂತ ಕೂತೆ. ಇಂಜಿನ್ ರಾತ್ರಿಯಿಡೀ ತಣ್ಣಗಾಗಿತ್ತು. ಬಿಸಿ ಇಂಜಿನ್ನಿನಲ್ಲಿ ಟ್ಯಾಪೆಟ್ ಅಳೆದರೆ ಅಳತೆ ತಪ್ಪುತ್ತದೆ.

ಎಡಗಡೆ ಮ್ಯಾಗ್ನೆಟ್ ಕವರಿನಲ್ಲಿ ಎರಡು ಮುಚ್ಚಳ ಇವೆ. ನಡುವಿನ ದೊಡ್ಡದನ್ನು ತೆಗೆದು ಬಾಕ್ಸ್ ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ತಿರುಗಿಸುವುದು, ಮೇಲಿನ ಚಿಕ್ಕದರಲ್ಲಿ ಗುರುತು ನೋಡುವುದು. ಸ್ಪಾರ್ಕ್ ಪ್ಲಗ್ ತೆಗೆದುಬಿಟ್ಟರೆ ಕೈಗೆ ಹಗುರ. ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸುತ್ತಾ ಹೋದರೆ ಎಫ್ ಅಂತ ಒಂದು ಗುರುತು, ಟಿ ಅಂತ ಒಂದು ಗುರುತು ಬರುತ್ತವೆ. ಬೇಕಾದದ್ದು ಟಿ, ಪಿಸ್ಟನ್ ತುದಿ ಮುಟ್ಟಿದ್ದನ್ನು ತೋರಿಸುವ ಗುರುತು. ಅದು ಗೆರೆಗೆ ಸರಿಯಾಗಿ ಕೂತಾಗ ಎರಡೂ ರಾಕರ್ ಬೆರಳಿಗೆ ಸಣ್ಣಗೆ ಅಲ್ಲಾಡಬೇಕು. ಅಲ್ಲಾಡದಿದ್ದರೆ ಇನ್ನೊಂದು ಪೂರ್ತಿ ಸುತ್ತು.

ಕ್ಯಾಪ್‌ಗಳಿಗೆ 17ರ ರಿಂಗ್ ಸ್ಪ್ಯಾನರ್, ಒಳಗಿನ ಲಾಕ್ ನಟ್ಟಿಗೆ 9ರದ್ದು, ಸ್ಕ್ರೂ ತಿರುಗಿಸಲು ಟ್ಯಾಪೆಟ್ ಕೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಅನ್ನು ತಿಪಟೂರಿನಲ್ಲಿ 140 ರೂಪಾಯಿಗೆ ತಂದಿದ್ದೆ. ಎರಡೂ ವಾಲ್ವ್‌ಗೆ 0.08 ಮಿಲಿಮೀಟರ್ ಸಂದು ಇರಬೇಕು. ಇನ್ಲೆಟ್ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಎಕ್ಸಾಸ್ಟ್‌ನಲ್ಲಿ 0.15ರ ಎಲೆ ಸಲೀಸಾಗಿ ಹೋಯಿತು. ಸಿಕ್ಕಿತು ಅಂದುಕೊಂಡೆ. 0.08 ಇಟ್ಟು, ಲಾಕ್ ನಟ್ ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಎಲೆ ಹಾಕಿ ನೋಡಿದೆ. ನಟ್ ಬಿಗಿ ಮಾಡುವಾಗ ಸ್ಕ್ರೂ ಸ್ವಲ್ಪ ತಿರುಗಿಬಿಡುತ್ತದೆ, ಅದಕ್ಕೇ ಎರಡನೇ ಸಲ ನೋಡುವುದು ತಪ್ಪಿಸಬಾರದು.

ಎಲ್ಲ ಮುಚ್ಚಿ ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್ ಹೋಯಿತು. ಕಟಕಟ ಹಾಗೇ ಇತ್ತು. ಇನ್ನೂ ಸ್ಪಷ್ಟವಾಗಿ ಕೇಳಿಸತೊಡಗಿತು ಅಂತಲೇ ಹೇಳಬೇಕು, ಯಾಕೆಂದರೆ ಈಗ ಅದೊಂದೇ ಇತ್ತು.

ಇದು ನೆನಪಿಡುವಂಥದ್ದು: ಹಳೇ ಗಾಡಿಯಲ್ಲಿ ಹುಡುಕಲು ಹೊರಟರೆ ಏನಾದರೂ ಒಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೇ ಕಾರಣ ಅಂತಲ್ಲ. ಟ್ಯಾಪೆಟ್ ಸಡಿಲ ಎಷ್ಟೋ ತಿಂಗಳಿನಿಂದ ಇದ್ದಿರಬೇಕು, ಆಯಿಲ್ ಬದಲಾಯಿಸಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

4. ಭಾನುವಾರ ಮಧ್ಯಾಹ್ನ: ಎಡಗಡೆ ಕವರ್ ಬಿಚ್ಚಿದ್ದು

ಈಗ ಟೈಮಿಂಗ್ ಚೈನ್ ಬಿಟ್ಟು ಬೇರೆ ದಾರಿ ಉಳಿದಿರಲಿಲ್ಲ. ಹೆಡ್‌ನ ಎಡಗಡೆ ದುಂಡನೆ ಕವರ್ ತೆಗೆದೆ. ಒಳಗೆ ಕ್ಯಾಮ್ ಸ್ಪ್ರಾಕೆಟ್, ಅದರ ಮೇಲೆ ಚೈನು. ಮೊದಲು ಟೈಮಿಂಗ್ ನೋಡಿದೆ. ಕೆಳಗೆ ಟಿ ಗುರುತು ಸರಿ ಕೂರಿಸಿದರೆ, ಮೇಲೆ ಸ್ಪ್ರಾಕೆಟ್ ಮೇಲಿನ ಸೊನ್ನೆಯಂಥ ಗುರುತು ಹೆಡ್‌ನ ಕಚ್ಚಿಗೆ ಎದುರಾಗಿ ಬರಬೇಕು. ಬಂತು. ಚೈನ್ ಹಲ್ಲು ಹಾರಿಲ್ಲ. ಅಲ್ಲಿಯವರೆಗೂ ಒಳಗೊಳಗೇ ಭಯ ಇತ್ತು. ಚಿಕ್ಕಪ್ಪ ಅದೇ ಸದ್ದಿನಲ್ಲಿ ಡೈರಿಗೆ ಓಡಾಡುತ್ತಿದ್ದರಲ್ಲ.

ಆಮೇಲೆ ಸ್ಕ್ರೂಡ್ರೈವರಿನಿಂದ ಚೈನನ್ನು ಮೆಲ್ಲಗೆ ಒತ್ತಿದೆ. ಅಯ್ಯೋ. ಬಿಗಿಯೇ ಇಲ್ಲ. ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಅಲ್ಲೇ ಇರುತ್ತದೆ. ಸವೆದ ಚೈನೂ ಸಡಿಲ ಇರುತ್ತದೆ, ಆದರೆ ಒತ್ತಿದಾಗ ಹಿಂದಕ್ಕೆ ದೂಡುವ ಒಂದು ಬಲ ಕೈಗೆ ಗೊತ್ತಾಗುತ್ತದೆ. ಇಲ್ಲಿ ಆ ಬಲವೇ ಇರಲಿಲ್ಲ.

ಈ ಇಂಜಿನ್ನಿನಲ್ಲಿ ಚೈನ್ ಬಿಗಿ ಇಡುವ ವ್ಯವಸ್ಥೆ, ಅಂದರೆ ಟೆನ್ಶನರ್, ಹೀಗಿದೆ. ಚೈನಿಗೆ ತಾಗಿದ ಹಾಗೆ ಒಂದು ತೋಳು, ತುದಿಯಲ್ಲಿ ರೋಲರು. ಆ ತೋಳನ್ನು ಕೆಳಗಿನಿಂದ ಒಂದು ಪುಶ್ ರಾಡ್ ದೂಡುತ್ತಿರುತ್ತದೆ. ರಾಡಿನ ತಲೆಗೆ ರಬ್ಬರು. ರಾಡನ್ನು ಕೆಳಗಿನಿಂದ ಒಂದು ಸ್ಪ್ರಿಂಗ್ ಎತ್ತಿ ಹಿಡಿದಿರುತ್ತದೆ, ಆ ಸ್ಪ್ರಿಂಗ್ ಬೀಳದ ಹಾಗೆ ಇಂಜಿನ್ ಅಡಿಯಿಂದ ಒಂದು ಬೋಲ್ಟು. ರಾಡ್ ಇರುವ ತೂತಿನಲ್ಲಿ ಆಯಿಲ್ ತುಂಬಿದ್ದು, ರಾಡ್ ಪಟಪಟ ಹಾರದ ಹಾಗೆ ತಡೆಯುತ್ತದೆ.

ಇಂಜಿನ್ ಅಡಿಯಿಂದ ಒಂದು ಬೋಲ್ಟು ಅಂದೆನಲ್ಲ. ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಕೂಡ ಇಂಜಿನ್ ಅಡಿಯಲ್ಲೇ ಇರುವುದು.

ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದೆ. ಇಂಜಿನ್ ಅಡಿಭಾಗ ಪೂರ್ತಿ ಕೆಮ್ಮಣ್ಣು, ಆಯಿಲ್, ಚೈನಿನ ಗ್ರೀಸು ಸೇರಿ ಬೆರಳು ದಪ್ಪ ಕಟ್ಟಿಕೊಂಡಿತ್ತು. ಅದರ ನಡುವೆ ಎರಡು ಬೋಲ್ಟಿನ ತಲೆ ಮಾತ್ರ ಕ್ಲೀನಾಗಿ ಹೊಳೆಯುತ್ತಿದ್ದವು. ಒಂದಲ್ಲ, ಎರಡು.

"ಮಂಜ, ಯಾವ್ ಬೋಲ್ಟ್ ಬಿಚ್ಚಿದ್ದೆ?"

"ಎರಡೂ ಬಿಚ್ಚಿದ್ದೆ ಅಣ್ಣ. ಮೊದಲು ಬಿಚ್ಚಿದ್ರಲ್ಲಿ ಒಂಚೂರು ಆಯಿಲ್ ಬಂದು ನಿಂತೋಯ್ತು. ಆಮೇಲೆ ಇನ್ನೊಂದು ಬಿಚ್ಚಿದ್ರೆ ಎಲ್ಲ ಇಳೀತು."

"ಅದ್ರಲ್ಲಿ ಏನೂ ಬೀಳ್ಲಿಲ್ವಾ?"

"ಆಯಿಲ್ ಬಿತ್ತು, ಅಷ್ಟೇ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಕೆಳಗೆ ಹಳೇ ಬಕೆಟ್ ಇಟ್ಟಿದ್ದ, ಆಯಿಲ್ ಡಾಂಬರಿನಷ್ಟು ಕಪ್ಪಾಗಿತ್ತು, ಬಿದ್ದದ್ದು ಕಾಣಲು ಸಾಧ್ಯವೇ ಇರಲಿಲ್ಲ. ಈ ಎರಡು ಬೋಲ್ಟುಗಳ ಗೊಂದಲ ಅವನೊಬ್ಬನದ್ದೇ ಅಲ್ಲ. ಹೋಂಡಾದ ಹಳೇ ಕಬ್ ಗಾಡಿಗಳ ಮಲಗಿದ ಇಂಜಿನ್ನಿನಿಂದ ಬಂದ ವಿನ್ಯಾಸ ಇದು. ಇಲ್ಲಿ 1985ರ ಸಿಡಿ 100, 1994ರಲ್ಲಿ ಬಂದ ಸ್ಪ್ಲೆಂಡರ್ ಎಲ್ಲ ಅದೇ ವಂಶ. ಈ ವಂಶದ ಇಂಜಿನ್ ಇರುವ ಕಡೆಯೆಲ್ಲ ಆಯಿಲ್ ಇಳಿಸುವ ಬೋಲ್ಟ್ ಅಂದುಕೊಂಡು ಟೆನ್ಶನರ್ ಬೋಲ್ಟ್ ಬಿಚ್ಚುವವರು ಇದ್ದೇ ಇದ್ದಾರೆ.

5. ಬಕೆಟ್ ಹುಡುಕಾಟ

ಟೆನ್ಶನರ್ ಬೋಲ್ಟ್ ಬಿಚ್ಚಿದೆ. ಸ್ಪ್ರಿಂಗ್ ಬರಲಿಲ್ಲ. ಬೆರಳು ಹಾಕಿದರೆ ರಾಡಿನ ಬುಡ ಸಿಕ್ಕಿತು, ಸ್ವಲ್ಪ ಎಳೆದರೆ ಜಾರಿ ಕೈಗೆ ಬಂತು. ಅಂದರೆ ಮಂಜ ಬಿಚ್ಚಿದ ದಿನ ಹಳೇ ಆಯಿಲಿನ ಅಂಟಿಗೆ ರಾಡ್ ಒಳಗೇ ಉಳಿದಿದೆ, ಸ್ಪ್ರಿಂಗ್ ಮಾತ್ರ ಬಿದ್ದಿದೆ. ಅವನು ಬರೀ ಬೋಲ್ಟ್ ವಾಪಸ್ ಹಾಕಿದ್ದಾನೆ. ರಾಡ್ ಆಮೇಲೆ ಕೆಳಗೆ ಜಾರಿ ಬೋಲ್ಟಿನ ಮೇಲೆ ಕೂತಿದೆ, ಚೈನ್ ಬಿಟ್ಟುಕೊಂಡಿದೆ.

ಹಳೇ ಆಯಿಲ್ ಎಲ್ಲಿ ಅಂತ ಕೇಳಿದರೆ, ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಬಾರದ ಹಾಗೆ ಹಚ್ಚಲು ಚಿಕ್ಕಪ್ಪ ಕ್ಯಾನಿಗೆ ಸುರಿದಿಟ್ಟಿದ್ದರು. ಅರ್ಧ ಆಗಲೇ ಹಚ್ಚಿ ಆಗಿತ್ತು. ಕೆಟ್ಟುಹೋದ ಸ್ಪೀಕರಿನ ಆಯಸ್ಕಾಂತವನ್ನು ತಂತಿಗೆ ಕಟ್ಟಿ ಕ್ಯಾನಿನೊಳಗೆ ಆಡಿಸಿದೆ. ಏನೂ ಸಿಗಲಿಲ್ಲ. ಬಕೆಟ್‌ನ ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಗಸಿಯಲ್ಲಿ ಆಡಿಸಿದಾಗ ಟಕ್ ಅಂತ ಅಂಟಿಕೊಂಡಿತು. ಸೀಮೆಎಣ್ಣೆಯಲ್ಲಿ ತೊಳೆದರೆ ಸ್ಪ್ರಿಂಗು.

ಮಂಜನ ಮುಖ ನೋಡಬೇಕಿತ್ತು. ಚಿಕ್ಕಪ್ಪ ಅವನಿಗೆ ಏನೂ ಅನ್ನಲಿಲ್ಲ, ನನಗೆ ಕಾಫಿ ತರಿಸಿದರು.

ಕ್ಯಾನಿನಲ್ಲಿ ಉಳಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿದೆ. ಲೋಹದ ಪುಡಿ ಇರಲಿಲ್ಲ, ಸ್ಪ್ರಿಂಗ್ ಬೀಳುವ ಮುಂಚಿನ ಆಯಿಲ್ ತಾನೇ. ನೋಡಬೇಕಾದದ್ದು ಹೊಸ ಆಯಿಲ್ ಅಂತ ಹೊಳೆದು ಅದನ್ನೂ ಸ್ವಲ್ಪ ಇಳಿಸಿ ಸೋಸಿದೆ. ಬಟ್ಟೆ ಮೇಲೆ ಬಿಸಿಲಿಗೆ ಹಿಡಿದರೆ ಸಣ್ಣಗೆ ಬೆಳ್ಳಿ ಮಿಂಚು. ಸಡಿಲ ಚೈನು ಅಲ್ಯೂಮಿನಿಯಂ ಗೋಡೆಗೆ ಎಲ್ಲೋ ಉಜ್ಜಿದೆ. ತುಣುಕುಗಳಿರಲಿಲ್ಲ, ಪುಡಿ ಅಷ್ಟೇ.

6. ಸೋಮವಾರ: ವಾಪಸ್ ಜೋಡಿಸಿದ್ದು, ಮೊದಲ ಸಲ ಸರಿಯಾಗದ್ದು

ರಾಡಿನ ತಲೆಯ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ, ನಡುವೆ ಗುಳಿ ಬಿದ್ದಿತ್ತು. ಹೊಸ ರಾಡ್ ರಬ್ಬರ್ ಸಮೇತ 130 ರೂಪಾಯಿ. ಸ್ಪ್ರಿಂಗ್ ಸಿಕ್ಕಿದ್ದರೂ ಹೊಸದೇ 20 ರೂಪಾಯಿಗೆ ತಗೊಂಡೆ. ಎರಡು ಬೋಲ್ಟಿಗೂ ವಾಷರು 20, ದುಂಡನೆ ಕವರಿನ ಗ್ಯಾಸ್ಕೆಟ್ 40. ಅಂಗಡಿಯವರು ಪೂರ್ತಿ ಟೈಮಿಂಗ್ ಕಿಟ್ ಹಾಕಿ ಅಂತ ಒತ್ತಾಯ ಮಾಡಿದರು. ಅವರ ಮಾತಿನಲ್ಲಿ ಅರ್ಥ ಇದೆ, ಆದರೆ ಚೈನ್ ಬದಲಾಯಿಸಲು ಮ್ಯಾಗ್ನೆಟ್ ಕಡೆ ಬಿಚ್ಚಬೇಕು, ಅದಕ್ಕೆ ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕು. ಅವತ್ತಿಗೆ ಅದು ನನ್ನ ಹತ್ತಿರ ಇರಲಿಲ್ಲ.

ಹಾಕುವ ಕ್ರಮ: ಮೊದಲು ರಾಡ್, ರಬ್ಬರ್ ತಲೆ ಮೇಲೆ. ಅದರ ಹಿಂದೆ ಸ್ಪ್ರಿಂಗ್. ಆಮೇಲೆ ವಾಷರ್ ಸಮೇತ ಬೋಲ್ಟು. ಸ್ಪ್ರಿಂಗ್ ಅಷ್ಟೇನೂ ಗಟ್ಟಿ ಇಲ್ಲ, ಬೆರಳಲ್ಲೇ ಒತ್ತಿಕೊಂಡು ಬೋಲ್ಟಿನ ಎಳೆ ಹಿಡಿಸಬಹುದು. ಬೋಲ್ಟ್ ಓರೆಯಾಗಿ ಹತ್ತದ ಹಾಗೆ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಕೇಸು ಅಲ್ಯೂಮಿನಿಯಂ, ಎಳೆ ಕಿತ್ತುಹೋದರೆ ಈ ಕೆಲಸ ಅಲ್ಲಿಂದ ಬೇರೆಯೇ ಕೆಲಸ ಆಗುತ್ತದೆ.

ಜೋಡಿಸಿ, ಆಯಿಲ್ ಸರಿ ಮಾಡಿ, ಕಿಕ್ ಹೊಡೆದೆ. ಸದ್ದು ಬಹಳ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಎಕ್ಸಿಲೇಟರ್ ಬಿಟ್ಟಾಗ ಇನ್ನೂ ಗರ್ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಓಡಿಸಿದರೂ ಹಾಗೇ.

ರಾಡನ್ನು ಒಣ ಒಣವಾಗಿ ಹಾಕಿದ್ದೆ. ಅಂಗಡಿಯ ಪ್ಯಾಕೆಟ್‌ನಿಂದ ತೆಗೆದು ನೇರ ಒಳಗೆ. ತೂತಿನೊಳಗೆ ಆಯಿಲ್ ಇಲ್ಲದಿದ್ದರೆ ರಾಡನ್ನು ತಡೆಯುವವರೇ ಇಲ್ಲ, ಬರೀ ಸ್ಪ್ರಿಂಗ್ ಮೇಲೆ ಅದು ಕುಣಿಯುತ್ತದೆ. ಮತ್ತೆ ಬಿಚ್ಚಿದೆ. ಈ ಸಲ ಪೆಟ್ರೋಲ್ ಕಾಕ್ ಬಂದ್ ಮಾಡಿ, ಗಾಡಿಯನ್ನು ಬಲಕ್ಕೆ ವಾಲಿಸಿ ತೆಂಗಿನ ಮರಕ್ಕೆ ಒರಗಿಸಿದೆವು, ಮಂಜ ಹ್ಯಾಂಡಲ್ ಹಿಡಿದುಕೊಂಡ. ಹಾಗೆ ಮಾಡಿದರೆ ಎಡಗಡೆ ಅಡಿಯ ತೂತು ಸ್ವಲ್ಪ ಮೇಲ್ಮುಖ ಆಗುತ್ತದೆ, ಹಾಕಿದ ಆಯಿಲ್ ಪೂರ್ತಿ ಸುರಿದು ಹೋಗುವುದಿಲ್ಲ. ರಾಡನ್ನು ಒಂದು ಲೋಟ ಹೊಸ ಆಯಿಲಿನಲ್ಲಿ ಮುಳುಗಿಸಿ, ಒತ್ತಿ ಒತ್ತಿ ಗುಳ್ಳೆ ನಿಲ್ಲುವವರೆಗೂ ಇಟ್ಟೆ. ಸೂಜಿ ತೆಗೆದ ಸಿರಿಂಜಿನಲ್ಲಿ ತೂತಿಗೂ ಸ್ವಲ್ಪ ಆಯಿಲ್ ಬಿಟ್ಟು, ರಾಡ್, ಸ್ಪ್ರಿಂಗ್, ಬೋಲ್ಟು.

ಗಾಡಿ ನೆಟ್ಟಗೆ ಮಾಡಿ, ಎಕ್ಸಿಲೇಟರ್ ಮುಟ್ಟದೆ ಸ್ಟಾರ್ಟ್ ಮಾಡಿದೆ. ಕೆಲವು ಸೆಕೆಂಡ್ ಗರಗರ ಅಂದು, ಆಮೇಲೆ ನಿಂತುಹೋಯಿತು. ಸ್ಕ್ರೂಡ್ರೈವರ್ ಇಟ್ಟು ಕೇಳಿದರೆ ದುಂಡನೆ ಕವರಿನಲ್ಲಿ ಚೈನಿನ ಮೆಲು ಸರಸರ ಮಾತ್ರ. ಬಿಸಿಯಾದ ಮೇಲೂ ಅಷ್ಟೇ. ಡೈರಿವರೆಗೂ ಹೋಗಿ ಬಂದು, ನಿಲ್ಲಿಸಿ, ಅಡಿಯಲ್ಲಿ ಹೊಸ ಕಾರ್ಡ್‌ಬೋರ್ಡ್ ಹಾಸಿ ಸೋರಿಕೆ ಇದೆಯಾ ನೋಡಿದೆ.

7. ಆಮೇಲೆ

ಬೆಳ್ಳಿ ಮಿಂಚು ಕಂಡಿತ್ತಲ್ಲ, ಹಾಗಾಗಿ ಆ ಆಯಿಲನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ. ಸುಮಾರು 300 ಕಿಲೋಮೀಟರ್ ಓಡಿದ ಮೇಲೆ ಅದನ್ನೂ ಇಳಿಸಿ ಹೊಸದು ಹಾಕಿಸಿದೆ, 380 ರೂಪಾಯಿ. ಸೋಸಿದಾಗ ಬಟ್ಟೆ ಮೇಲೆ ಮಿಂಚು ಬಹಳ ಕಡಿಮೆ. ಎಲ್ಲ ಸೇರಿ ಖರ್ಚು 730. ಅದರಲ್ಲಿ ಫೀಲರ್ ಗೇಜ್ ನನ್ನ ಹತ್ತಿರವೇ ಉಳಿಯಿತು.

ಇಂಜಿನ್ ಅಡಿಯ ಮಣ್ಣನ್ನು ಕೆರೆದು, ಡೀಸೆಲ್ ಬ್ರಷ್ ಹಾಕಿ ತೊಳೆದೆವು. ಡ್ರೈನ್ ಬೋಲ್ಟಿಗೆ, ಅಂದರೆ 17ರ ಸ್ಪ್ಯಾನರ್ ಹಾಕುವುದಕ್ಕೆ, ಬಿಳಿ ಬಣ್ಣ. ಟೆನ್ಶನರ್ ಬೋಲ್ಟಿಗೆ ಮನೆಯಲ್ಲಿದ್ದ ಕೆಂಪು ಪೇಂಟು. ಇದನ್ನು ಯಾವ ಮಾಡೆಲ್‌ಗೆ ಬೇಕಾದರೂ ಮಾಡಿಕೊಳ್ಳಬಹುದು. ನಿಮ್ಮ ಗಾಡಿಯಲ್ಲಿ ಯಾವುದು ಯಾವುದು ಅಂತ ಗೊಂದಲ ಇದ್ದರೆ ಬಿಚ್ಚುವ ಮುಂಚೆ ಗಾಡಿಯ ಜೊತೆ ಬಂದ ಪುಸ್ತಕದ ಚಿತ್ರ ನೋಡಿ, ಸ್ಪ್ಯಾನರ್ ಹಾಕಿ ಅಂದಾಜು ಮಾಡಬೇಡಿ. ಆಯಿಲ್ ಇಳಿಸಲು ಅಗಲವಾದ, ತಿಳಿ ಬಣ್ಣದ ತಟ್ಟೆ ಇಡಿ. ಕಪ್ಪು ಬಕೆಟ್ ಬದಲು ತಟ್ಟೆ ಇದ್ದಿದ್ದರೆ ಸ್ಪ್ರಿಂಗ್ ಬಿದ್ದ ಸದ್ದಾದರೂ ಮಂಜನಿಗೆ ಕೇಳಿಸುತ್ತಿತ್ತು.

ಇನ್ನೂ ಬಾಕಿ ಇರುವುದು: ಚೈನ್, ರೋಲರ್, ಗೈಡ್ ಬದಲಾಯಿಸಬೇಕು, ತೋಟದ ಕೆಲಸ ಮುಗಿದ ಮೇಲೆ ಗಾಡಿ ಎರಡು ದಿನ ಬಿಟ್ಟುಕೊಡುತ್ತೇನೆ ಅಂತ ಚಿಕ್ಕಪ್ಪ ಹೇಳಿದ್ದಾರೆ, ಪುಲ್ಲರ್ ಹೊಂದಿಸಿಕೊಳ್ಳುತ್ತೇನೆ. ಆಗಲೇ ಬಲಗಡೆ ಕವರ್ ತೆಗೆದು ಕ್ರ್ಯಾಂಕ್ ತುದಿಯ ಕಪ್, ಜಾಲರಿ ಎರಡನ್ನೂ ತೊಳೆಯಬೇಕು, ಆ ಅಲ್ಯೂಮಿನಿಯಂ ಪುಡಿ ಹೋಗಿ ಕೂತಿರುವುದು ಅಲ್ಲೇ. ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಟ್ಯಾಪೆಟ್‌ನ ಸಣ್ಣ ಟಿಕ್ ಟಿಕ್ ಇದೆ, ಅದನ್ನು ಇನ್ನೂ ಬಿಗಿ ಮಾಡಲು ಹೋಗುವುದಿಲ್ಲ. ಟ್ಯಾಪೆಟ್ ಸ್ವಲ್ಪ ಸದ್ದು ಮಾಡಿದರೆ ನಷ್ಟ ಇಲ್ಲ, ಜಾಸ್ತಿ ಬಿಗಿಯಾದರೆ ವಾಲ್ವ್ ಸುಡುತ್ತದೆ. ಕೆಂಪು ಬೋಲ್ಟಿನ ಹತ್ತಿರ ಒಂದು ಹನಿ ಜಿನುಗು ಕಾಣುತ್ತಿದೆ ಅಂತ ಮಂಜ ಮೊನ್ನೆ ಫೋಟೋ ಕಳಿಸಿದ್ದ. ಅದು ವಾಷರ್. ನಾನು ಹೋಗುವವರೆಗೂ ಸ್ಪ್ಯಾನರ್ ಮುಟ್ಟಬೇಡ, ಆಯಿಲ್ ಕಡ್ಡಿ ಮಾತ್ರ ನೋಡ್ತಾ ಇರು ಅಂತ ಹೇಳಿದ್ದೇನೆ.